ಡಾರ್ಸಿಲಾಳ ಕಣ್ಣು, ಅಪೊಂಡಿಯ ಹೊಟ್ಟೆ

ಡಾರ್ಸಿಲಾಳ ಎಡಗಣ್ಣಿನಲ್ಲಿ ಹುಟ್ಟಿನಿಂದಲೇ ಒಂದು ಬಿಳಿ ಚುಕ್ಕೆ. ಉಯೋಮದಿಂದ ನಮ್ಮ ಸರೋವರದಂಡೆಯ ಊರಿಗೆ ಮದುವೆಯಾಗಿ ಬಂದ ವರ್ಷವೇ ಕೆಟ್ಟ ಕಣ್ಣಿನವಳೆಂಬ ಹೆಸರು ಅಂಟಿತು. ಅವಳು ನೋಡಿದರೆ ಉಂಡ ತುತ್ತು ಹೊಟ್ಟೆಯಲ್ಲಿ ಕಲ್ಲಾಗುತ್ತದೆಂದು ಹೆಂಗಸರು ಉಣ್ಣುವ ಮಕ್ಕಳನ್ನು ಒಳಗೆಳೆದುಕೊಳ್ಳುತ್ತಿದ್ದರು. ಒಣಮೀನನ್ನು ಮಾತ್ರ ಅವಳ ಹತ್ತಿರವೇ ಕೊಳ್ಳುತ್ತಿದ್ದರು. ಅಷ್ಟು ಚೊಕ್ಕವಾಗಿ ಒಣಗಿಸುವವರು ಬೇರೆ ಇರಲಿಲ್ಲ.

ಅವಳ ಮೊದಲ ಮಗ ಒಕುಮು ನಾಲ್ಕು ವರ್ಷದವನಿದ್ದಾಗ ಹೊಟ್ಟೆ ಉಬ್ಬಿ ಸತ್ತ. ದೃಷ್ಟಿ ತೆಗೆಯುವವಳು ಅವನ ಹೊಟ್ಟೆಯ ಮೇಲೆ ಬ್ಲೇಡಿನಿಂದ ಗೀರಿ ವಾಸಿಯಾಗುತ್ತದೆ ಎಂದಿದ್ದಳು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಕಾಲ ಮೀರಿತ್ತು. ಜಂತುಹುಳಗಳು ಉಂಡೆಗಟ್ಟಿ ಕರುಳನ್ನೇ ಮುಚ್ಚಿದ್ದವು. ಹೆತ್ತವಳೇ ನುಂಗಿದಳು ಎಂದಿತು ಊರು. ಅಲ್ಲಿಂದ ಮುಂದೆ ಡಾರ್ಸಿಲಾ ಯಾರೆದುರೂ ತಲೆ ತಗ್ಗಿಸಲಿಲ್ಲ. ಯಾವ ಮಗು ಕಂಡರೂ ಮೊದಲು ಹೊಟ್ಟೆಯನ್ನೇ ದಿಟ್ಟಿಸುತ್ತಿದ್ದಳು.

ಒಂದು ಬೆಳಿಗ್ಗೆ ಪಕ್ಕದ ಮನೆಯ ಮುದುಕಿ ನ್ಯಾಂಗಿ ಬೇಲಿಯ ಹತ್ತಿರ ನಿಂತು ಕೂಗಿದಳು.

"ಹೊರಗೆ ಬಾರೇ, ಉಯೋಮದವಳೇ! ನಿನ್ನೆ ನನ್ನ ಮೊಮ್ಮಗಳು ಉಣ್ಣೋವಾಗ ನೀನು ನೋಡ್ತಾ ನಿಂತಿದ್ದೆ. ಆಗಿಂದ ಹೊಟ್ಟೆ ಹಿಡ್ಕೊಂಡು ಅಳ್ತಿದೆ ಕೂಸು!"

"ನೋಡಿದ್ದು ಹೌದು ಅಜ್ಜಿ," ಎಂದಳು ಡಾರ್ಸಿಲಾ. "ಎರಡು ತಿಂಗಳಿಂದ ನೋಡ್ತಿದೀನಿ. ಕೈಕಾಲು ಕಡ್ಡಿ, ಹೊಟ್ಟೆ ಮಡಕೆ. ಗೋಡೆ ಮಣ್ಣು ಕೆರೆದು ತಿಂತಾಳೆ. ಮುಖ ಬಿಳಿಚಿಕೊಂಡಿದೆ. ಮನೇಲಿರೋ ನೀವ್ಯಾಕೆ ನೋಡಿಲ್ಲ?"

ನ್ಯಾಂಗಿಯ ಅಂಗಳದಲ್ಲಿ ಅದೇ ದೃಷ್ಟಿ ತೆಗೆಯುವವಳು ಬ್ಲೇಡು ಬಿಚ್ಚಿ ಕುಳಿತಿದ್ದಳು. ಅದು ಕಣ್ಣಿಗೆ ಬಿದ್ದದ್ದೇ ತಡ, ಡಾರ್ಸಿಲಾ ನೇರ ಒಳನುಗ್ಗಿ ಮೂರು ವರ್ಷದ ಅಪೊಂಡಿಯನ್ನು ಎತ್ತಿಕೊಂಡಳು.

"ಇದಕ್ಕೆ ಬ್ಲೇಡು ಮುಟ್ಟಿಸಬೇಕಾದ್ರೆ ಮೊದಲು ನನ್ನ ಕೈ ಕುಯ್ಯಿ," ಎಂದು ಅವಳಿಗೆ ಹೇಳಿ, ಮಗುವಿನ ತಾಯಿ ರಿಸ್ಪಾಳ ಕಡೆ ತಿರುಗಿದಳು. "ನಿಜ ಹೇಳೇ. ಮಗು ಹೊರಕಡೆಗೆ ಕೂತಾಗ ಹುಳ ಬಿದ್ದಿತ್ತಾ?"

ರಿಸ್ಪಾ ತುಟಿ ಕಚ್ಚಿದಳು. "ಬಿದ್ದಿತ್ತಕ್ಕಾ. ಎರೆಹುಳದ ಹಾಗೆ ಉದ್ದ. ಹೇಳಿದ್ರೆ ನನ್ನನ್ನೇ ಗಲೀಜು ಅಂತಾರಲ್ಲ ಅಂತ..."

"ಅನ್ನಲಿ ಬಿಡು. ನನ್ನ ಏನೇನೋ ಅಂತಾರೆ, ನಾನೇನು ಸತ್ತು ಹೋದ್ನಾ? ನಡಿ."

ಇಬ್ಬರೂ ಮಗುವನ್ನೆತ್ತಿಕೊಂಡು ಔಷಧಾಲಯಕ್ಕೆ ನಡೆದರು. ನರ್ಸ್ ಅಚೊಲಾ ಅಪೊಂಡಿಯ ಕಣ್ಣಿನ ಕೆಳರೆಪ್ಪೆ ಜಗ್ಗಿ ನೋಡಿದಳು, ಹೊಟ್ಟೆ ಒತ್ತಿ ನೋಡಿದಳು, ಒಂದು ಮಾತ್ರೆಯನ್ನು ಪುಡಿ ಮಾಡಿ ನೀರಿನಲ್ಲಿ ಕುಡಿಸಿದಳು. ರಕ್ತ ಕಡಿಮೆಯಾಗಿದೆಯೆಂದು ಒಂದು ಸಿರಪ್ಪನ್ನೂ ಕೊಟ್ಟಳು.

"ಹುಳ ಬಿದ್ರೆ ಹೆದರಬೇಡಿ. ವಾಂತಿ ಆಗಿ ಹೊಟ್ಟೆ ಗಟ್ಟಿಯಾದ್ರೆ ಮಾತ್ರ ಆ ಕ್ಷಣವೇ ಓಡಿ ಬನ್ನಿ. ಮನೇಲಿರೋ ಬೇರೆ ಮಕ್ಕಳನ್ನೂ ಕರ್ಕೊಂಡು ಬನ್ನಿ. ಆರು ತಿಂಗಳಿಗೆ ಇನ್ನೊಂದು ಸಲ."

ಮಾರನೆಯ ದಿನ ಅಪೊಂಡಿ ಮುದ್ದೆ ಉಣ್ಣುವಾಗ ಡಾರ್ಸಿಲಾ ಮಣೆ ತಂದು ಎದುರಿಗೇ ಹಾಕಿಕೊಂಡು ಕುಳಿತಳು. ನ್ಯಾಂಗಿ ಹಲ್ಲು ಕಡಿದಳು. "ನೋಡ್ತೀನಿ ಅಜ್ಜಿ," ಎಂದಳು ಡಾರ್ಸಿಲಾ, "ಕಣ್ಣು ತುಂಬ ನೋಡ್ತೀನಿ."

ಮಧ್ಯಾಹ್ನ ಹುಳಗಳು ಬಿದ್ದವು, ಒಂದಲ್ಲ ಎರಡಲ್ಲ. ರಿಸ್ಪಾ ಅತ್ತೆಯನ್ನು ಕರೆದು ತೋರಿಸಿದಳು. ನ್ಯಾಂಗಿ ಬಗ್ಗಿ ನೋಡಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಹೋದಳು. ತಪ್ಪಾಯಿತು ಎನ್ನಲಿಲ್ಲ. ಎಂದೂ ಅನ್ನಲಿಲ್ಲ. ಆದರೆ ವಾರದ ಬಳಿಕ ಉಳಿದ ಇಬ್ಬರು ಮೊಮ್ಮಕ್ಕಳನ್ನು ತಾನೇ ಔಷಧಾಲಯಕ್ಕೆ ಕರೆದೊಯ್ದಳು, ಊರ ಮುಂದಿನ ದಾರಿ ಬಿಟ್ಟು ಹೊಲದೊಳಗಿಂದ.

ಡಾರ್ಸಿಲಾಗೆ ಅಷ್ಟು ಸಾಲಲಿಲ್ಲ. ಮೀನು ಹಿಡಿದು ಬಂದ ರಿಸ್ಪಾಳ ಗಂಡ ಒಡಾಕ್‌ನನ್ನು ದಂಡೆಯಲ್ಲೇ ತಡೆದಳು.

"ಬೇಲಿ ಹಿಂದೆ ಕೂರೋದು ಬಿಡಿ. ಆ ಹುಳದ ಮೊಟ್ಟೆಗಳೆಲ್ಲ ನಿಮ್ಮ ಸೊಪ್ಪಿನ ಪಾತಿಯಲ್ಲೇ ಇರ್ತವೆ. ಕಕ್ಕಸಿಗೆ ಗುಂಡಿ ತೋಡು."

"ನೀನ್ಯಾರೇ ನನಗೆ ಹೇಳೋಕೆ?"

"ಯಾರಾದ್ರೂ ಆಗ್ಲಿ. ತೋಡೋವರೆಗೂ ದಿನಾ ಬಂದು ಹೇಳ್ತೀನಿ."

ಒಂಬತ್ತು ದಿನ ಹೇಳಿದಳು. ಹತ್ತನೆಯ ದಿನ ಒಡಾಕ್ ಗುದ್ದಲಿ ಹಿಡಿದ. ಸೊಂಟದಷ್ಟು ಆಳಕ್ಕೆ ಇಳಿದು ಬೆವರೊರೆಸಿಕೊಂಡು, ಸಾಕಲ್ಲವೇ ಎಂಬಂತೆ ಮೇಲೆ ನೋಡಿದ. ಡಾರ್ಸಿಲಾ ಅಂಚಿನಲ್ಲಿ ಅಪೊಂಡಿಯನ್ನು ಸೊಂಟಕ್ಕೇರಿಸಿಕೊಂಡು ನಿಂತಿದ್ದಳು.

"ಇನ್ನೂ ಕೆಳಕ್ಕೆ," ಎಂದಳು.