ಸೈರನ್ ಕೂಗಿದರೂ ಏಳದ ನಾಣಿ

ಫ್ಯಾಕ್ಟರಿ ಸೈರನ್ ಕೂಗಿತು. ನಾಣಿ ಏಳಲಿಲ್ಲ.

ಅದರಲ್ಲೇನು ವಿಶೇಷ ಅಂತೀರಾ? ಭದ್ರಾವತಿಯಲ್ಲಿ ಅಮ್ಮನ ಜೊತೆಗಿರುವ ನನ್ನಣ್ಣ ನಾಣಿಗೆ ವಯಸ್ಸು ಐವತ್ತು, ಬುದ್ಧಿ ಐದರದ್ದು. (ಹಾಗಂತ ಡಾಕ್ಟರು ಹೇಳಿದ್ದು. ಇಸ್ಪೀಟಿನಲ್ಲಿ ನನ್ನನ್ನು ಸೋಲಿಸುವಾಗ ಹಾಗೇನೂ ಕಾಣುವುದಿಲ್ಲ.) ಸಂಜೆ ಸೈರನ್ ಕೂಗಿದರೆ ಚಪ್ಪಲಿ ಮೆಟ್ಟಿ ಗೇಟಿನಲ್ಲಿ ನಿಲ್ಲುತ್ತಾನೆ, ಅಪ್ಪ ಡ್ಯೂಟಿ ಮುಗಿಸಿ ಬರುತ್ತಾರೆ ಅಂತ. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಯಿತು. ನಾಣಿ ಮಾತ್ರ ತಪ್ಪಿಸಿದವನಲ್ಲ.

ಕಳೆದ ತಿಂಗಳು ತಪ್ಪಿಸಿದ. ಅಮ್ಮ ಪಕ್ಕದ ಮನೆಯಿಂದ ಶಿವಮೊಗ್ಗದಲ್ಲಿರುವ ನನಗೆ ಫೋನ್ ಮಾಡಿದಳು. "ಸೈರನ್ ಕೂಗಿದ್ರೂ ಎದ್ದಿಲ್ಲ ಕಣೇ. ಊಟಾನೂ ಮುಟ್ಟಿಲ್ಲ. ಕೇಳಿದ್ರೆ ಆರಾಮ್ ಅಂತಾನೆ. ಇಲ್ಲಿ ಡಾಕ್ಟ್ರು, ಇಂಥವರಿಗೆ ವಯಸ್ಸಾದ್ರೆ ಹಠ ಜಾಸ್ತಿ ಅಂತ ನಿದ್ದೆ ಮಾತ್ರೆ ಕೊಟ್ಟಿದ್ದಾರೆ."

ನನಗೆ ಮೈಯೆಲ್ಲ ಉರಿಯಿತು. "ಮಾತ್ರೆ ಕೊಡ್ಬೇಡ. ಟ್ಯಾಕ್ಸಿ ಹಿಡಿದು ಕರ್ಕೊಂಡು ಬಾ!"

ಆ 'ಆರಾಮ್' ಕಲಿಸಿದ್ದು ಅಮ್ಮನೇ. ನೆಂಟರು ಬಂದರೆ ಮಗನನ್ನು ಒಳಗೆ ಬಚ್ಚಿಡಬಾರದು ಅಂತ ಅವಳ ಹಠ. ಯಾರು ಏನೇ ಕೇಳಲಿ, ಅವನು ನಗುತ್ತಾ 'ಆರಾಮ್' ಅನ್ನಬೇಕು. ಹಾಗಂದರೆ ಅವನ ಕೈಗೊಂದು ಕೋಡುಬಳೆ. ಎಷ್ಟು ಜಾಣ ಅಂತ ನೆಂಟರೆಲ್ಲ ಹೊಗಳುತ್ತಿದ್ದರು.

ಶಿವಮೊಗ್ಗದ ನರ್ಸಿಂಗ್ ಹೋಮ್ ಮುಂದೆ ಟ್ಯಾಕ್ಸಿಯಿಂದ ಇಳಿದವನ ಶರ್ಟು ಬೆವರಿಗೆ ಒದ್ದೆ. ಬಗ್ಗಿಕೊಂಡೇ ಒಳಗೆ ನಡೆದ.

"ಎಲ್ಲಪ್ಪಾ ನೋವು?" ಡಾಕ್ಟರು ಕೇಳಿದರು.

ನಾಣಿ ಹಲ್ಲು ಕಚ್ಚಿಕೊಂಡು ನಕ್ಕ. "ಆರಾಮ್."

"ಆರಾಮಂತಲ್ಲಮ್ಮ?" ಅವರ ಕೈ ಆಗಲೇ ಪೆನ್ನಿಗೆ ಹೋಗಿತ್ತು.

"ಅಯ್ಯೋ ಮಾರಾಯ್ರೇ, ಅವನ ಮಾತು ಬಿಡಿ, ಹೊಟ್ಟೆ ಮುಟ್ಟಿ ನೋಡಿ!" ಕಿರುಚಿಯೇಬಿಟ್ಟೆ.

ಮುಟ್ಟಿದರು. ಬಲಗಡೆ ಒತ್ತುತ್ತಿದ್ದಂತೆ ನಾಣಿ "ಅಪ್ಪಾ!" ಅಂತ ಚೀರಿದ.

ಅಪೆಂಡಿಕ್ಸ್. ಒಡೆಯುವುದರಲ್ಲಿತ್ತಂತೆ. ಆಗಲೇ ಆಪರೇಷನ್ ಥಿಯೇಟರಿಗೆ ತಳ್ಳಿಕೊಂಡು ಹೋದರು. ಹೊರಗೆ ಬೆಂಚಿನ ಮೇಲೆ ಅಮ್ಮ ನನ್ನ ಕೈ ಬಿಡಲಿಲ್ಲ. "ನಾನೇ ಕಲಿಸಿದ್ದು ಕಣೇ" ಅಂತ ಒಂದೇ ಸಮನೆ ಗೊಣಗುತ್ತಿದ್ದಳು.

ದೇವರು ದೊಡ್ಡವನು, ಬದುಕಿಕೊಂಡ.

ಶುಗರ್, ಬಿಪಿ, ಕಣ್ಣಿನ ಪೊರೆ, ಹಲ್ಲುನೋವು ನಾಣಿಯಂಥವರಿಗೆ ಬರಬಾರದು ಅಂತ ಕಾನೂನಿದೆಯೇ? ನನಗೆ ಊಟ ಸೇರದಿದ್ದರೆ ಕಾಯಿಲೆ, ಅವನಿಗೆ ಸೇರದಿದ್ದರೆ ಹಠ. ಇದ್ಯಾವ ಸೀಮೆ ನ್ಯಾಯ?

ಈಗ ಅವನು ಮತ್ತೆ ಗೇಟಿನಲ್ಲಿ ನಿಲ್ಲುತ್ತಿದ್ದಾನೆ. ಅಮ್ಮ ಮತ್ತೆ ಕೋಡುಬಳೆ ಕರಿದಿದ್ದಾಳೆ. "ನೋವಾದ್ರೆ ನೋವು ಅನ್ನು ಕಂದಾ" ಅಂತ ಹೊಸ ಪಾಠ ಶುರುವಾಗಿದೆ.

ನಾಣಿ ಕಲಿತಾನು ಬಿಡಿ. ಆ ನಿದ್ದೆ ಮಾತ್ರೆ ಡಾಕ್ಟರಿಗೆ ಕಲಿಸಲು ಎಷ್ಟು ಕೋಡುಬಳೆ ಬೇಕಾದೀತು?