ಚಾಚಿಯ ಕಲಾಯಿ ಬಟ್ಟಲು

ನವೆಂಬರ್ ಒಂಬತ್ತು, ಭಾನುವಾರ, ಬೆಳಗಿನ ಎಂಟೂ ಕಾಲು. ಚಿತ್ತಾಪುರದ ನನ್ನ ಬಾಡಿಗೆ ಮನೆಯ ಮುಂದಿನ ಬೇವಿನ ಮರದ ಕೆಳಗೆ ಕಲಾಯಿಯವನು ಬಂದು ಕುಳಿತಿದ್ದಾನೆ. ನೆಲದಲ್ಲಿ ಕುಣಿ ತೋಡಿ, ಇದ್ದಿಲು ಹೊತ್ತಿಸಿ, ಚರ್ಮದ ತಿದಿ ಒತ್ತುತ್ತಿದ್ದಾನೆ. ಕಾದ ಪಾತ್ರೆಗೆ ನವಸಾಗರದ ಪುಡಿ ಬಿದ್ದೊಡನೆ ಏಳುವ ಬಿಳಿ ಹೊಗೆಯ ಘಾಟು ಕಿಟಕಿಯಿಂದ ಒಳಗೆ ಬಂದಿತು. ತಿದ್ದುತ್ತಿದ್ದ ಉತ್ತರಪತ್ರಿಕೆಗಳನ್ನು ಬದಿಗೆ ಸರಿಸಿ ಎದ್ದೆ. ಕಪಾಟಿನಲ್ಲಿದ್ದ ತಾಮ್ರದ ಬಟ್ಟಲನ್ನು ತೆಗೆದು ಅವನ ಕೈಗೆ ಕೊಟ್ಟು ಬಂದೆ. ಅದು ನನ್ನ ಬಟ್ಟಲಲ್ಲ. ಅದು ಯಾರದು, ನಮ್ಮಲ್ಲಿ ಹೇಗೆ ಉಳಿಯಿತು ಎಂಬುದನ್ನು ಅವನು ಕಲಾಯಿ ಮುಗಿಸುವುದರೊಳಗೆ ಬರೆದಿಡಬೇಕೆಂದು ಕುಳಿತಿದ್ದೇನೆ.

ಸೇಡಂ ಕಾಲೇಜಿನಲ್ಲಿ ಬಿ.ಎ. ಮುಗಿಸಿದ ವರ್ಷ, ಮುಂದೆ ಎಂ.ಎ. ಓದಬೇಕೆಂದು ಗುಲ್ಬರ್ಗದ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದೆ. ನಮ್ಮ ಕುರಕುಂಟಾದಿಂದ ಅಲ್ಲಿಗೆ ಓದಲು ಹೋದ ಹುಡುಗಿಯರು ಅದುವರೆಗೆ ಇರಲಿಲ್ಲ. ಸಂದರ್ಶನದ ದಿನ ಅಪ್ಪ ಮದುವೆಗೆ ಹೊರಟವರಂತೆ ಇಸ್ತ್ರಿಯ ಧೋತರ ಉಟ್ಟು ಜೊತೆಗೆ ಬಂದಿದ್ದರು. ಒಳಗೆ ಕುಳಿತಿದ್ದ ಮೂವರು ಪ್ರಾಧ್ಯಾಪಕರು ಇಂಗ್ಲಿಷಿನಲ್ಲಿ ಕೇಳಿದರು, ನಾನು ಕನ್ನಡದಲ್ಲಿ ಉತ್ತರಿಸಿದೆ. ಅವರಲ್ಲೊಬ್ಬರು ನಕ್ಕು, "ನಿಮ್ಮ ಊರಾಗ ತೊಗರಿ ರೇಟು ಯಾರು ಠರಾಯಿಸ್ತಾರವಾ?" ಎಂದು ಕೇಳಿದರು. ಬೆಲೆ ಗೊತ್ತುಮಾಡುವವರು ಯಾರೆಂಬುದೊಂದು ನನಗೆ ಚೆನ್ನಾಗಿ ತಿಳಿದಿತ್ತು. ವಾರದ ಮೇಲೆ ಫಲಕದಲ್ಲಿ ನನ್ನ ಹೆಸರು ಬಂದಿತು: ಅರ್ಥಶಾಸ್ತ್ರ, ಮೊದಲ ವರ್ಷ. ಅಪ್ಪ ಅದನ್ನು ಒಮ್ಮೆ ಓದಿ, ಕನ್ನಡಕ ಒರೆಸಿ ಮತ್ತೊಮ್ಮೆ ಓದಿದರು.

ಹುಡುಗಿಯರ ಹಾಸ್ಟೆಲಿನಲ್ಲಿ ಜಾಗ ಸಿಗಲಿಲ್ಲ. ದಿನವೂ ಕುರಕುಂಟಾದಿಂದ ಹೋಗಿ ಬರುವುದು ಆಗುವ ಮಾತಲ್ಲ. ಆಗ ಅಪ್ಪನಿಗೆ ನೆನಪಾದವರು ವಾಡಿಯ ರಹೀಮ್‌ಸಾಬರು. ನಿಜಾಮರ ಕಾಲದಲ್ಲಿ ಅಪ್ಪನ ಜೊತೆ ಒಂದೇ ಚಾಪೆಯ ಮೇಲೆ ಕುಳಿತು ಉರ್ದು ಕಲಿತವರು, ರೈಲ್ವೆಯಲ್ಲಿ ನೌಕರಿ. ಅವರ ಮನೆಯಿಂದ ಸ್ಟೇಷನ್ನು ಕಾಣುತ್ತಿತ್ತು, ಸ್ಟೇಷನ್ನಿನಿಂದ ಗುಲ್ಬರ್ಗಕ್ಕೆ ಬೆಳಗಿನ ಗಾಡಿ ಇತ್ತು. ಅಪ್ಪ, ಅವ್ವ ಇಬ್ಬರೂ ಒಪ್ಪಿದರು. ಒಪ್ಪದವಳು ಅಪ್ಪನ ತಾಯಿ, ನಮ್ಮ ಆಯಿ. ಲಿಂಗಪೂಜೆ ಆಗದೆ ನೀರು ಮುಟ್ಟದವಳು ಆಕೆ. ಮೂರು ದಿನ ಮಾತು ಬಿಟ್ಟು, ನಾಲ್ಕನೆಯ ದಿನ ತಾನೇ ಒಂದು ದಾರಿ ಹುಡುಕಿದಳು.

"ಇರೋದು ಅಲ್ಲೇ ಇರು. ಉಣ್ಣೋದು ನನ್ನ ಕೈಯಾಗಿಂದು. ದಿನಾ ಬುತ್ತಿ ಕಳಸ್ತೀನಿ. ಡಬ್ಬಿ ಖಾಲಿ ಬರಬೇಕು ನೋಡು. ಯಾವತ್ತು ಭಾರ ಬರ್ತದ, ಅವತ್ತೇ ಗಾಡಿ ಹತ್ತಿ ಬಂದು ಕರ್ಕೊಂಡು ಬರ್ತೀನಿ. ಉಣಲಾರದ ಜಾಗದಾಗ ಓದು ಎಂಥಾದ್ದು?"

ನಮ್ಮ ಕಡೆಯ ಓದುಗರಿಗೆ ಬುತ್ತಿಯ ಪದ್ಧತಿ ಹೊಸದಲ್ಲ. ಪಟ್ಟಣದಲ್ಲಿ ಓದುವ ಮಕ್ಕಳಿಗೆ ಹಳ್ಳಿಯ ಮನೆಗಳಿಂದ ಬಸ್ಸಿನಲ್ಲಿ, ರೈಲಿನಲ್ಲಿ ಬಟ್ಟೆ ಕಟ್ಟಿದ ಡಬ್ಬಿಗಳು ಬರುತ್ತಿದ್ದ ಕಾಲ ಅದು. ನಮ್ಮದನ್ನು ತರುತ್ತಿದ್ದವನು ನಮ್ಮೂರಿನಿಂದ ವಾಡಿಗೆ ಹಾಲು ಹಾಕುತ್ತಿದ್ದ ಶರಣಪ್ಪ. ಬೆಳಗಿನ ಪ್ಯಾಸೆಂಜರಿನಲ್ಲಿ ತುಂಬಿದ ಡಬ್ಬಿ ತಂದು ಕೊಡುತ್ತಿದ್ದ. ನಾನು ಅದನ್ನೆತ್ತಿಕೊಂಡು ಗುಲ್ಬರ್ಗದ ಗಾಡಿ ಹತ್ತುತ್ತಿದ್ದೆ. ಹಿಂದಿನ ದಿನದ ತೊಳೆದ ಡಬ್ಬಿಯನ್ನು, ಅವನು ಹಾಲು ಹಾಕಿ ಮುಗಿಸಿ ಮಧ್ಯಾಹ್ನ ಊರಿಗೆ ಮರಳುವಾಗ, ರಹೀಮ್‌ಸಾಬರ ಹೆಂಡತಿ ಖೈರೂನ್ ಚಾಚಿ ಬಟ್ಟೆ ಗಂಟು ಹಾಕಿ ಕೊಡುತ್ತಿದ್ದಳು. ಡಬ್ಬಿ ಖಾಲಿಯಾಗುವುದು ನನಗೆ ಕಷ್ಟವಿರಲಿಲ್ಲ. ಬಿಸಿಲಿಗೆ ಕಾದ ವಿಶ್ವವಿದ್ಯಾಲಯದ ಬಯಲಿನಲ್ಲಿ, ಹೊಸ ಸಸಿಗಳ ನಡುವೆ, ನಮ್ಮ ತರಗತಿಯ ನಾಲ್ವರು ಹುಡುಗಿಯರು ಡಬ್ಬಿ ಬಿಚ್ಚುವುದನ್ನೇ ಕಾಯುತ್ತಿದ್ದರು. ಎಣ್ಣೆ ಹಿಡಿದ ಕೆಂಪು ಬಟ್ಟೆ ಬಿಚ್ಚಿದರೆ ಸಜ್ಜೆ ರೊಟ್ಟಿ, ಪುಂಡಿಪಲ್ಯದ ಹುಳಿವಾಸನೆ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ. ರಾತ್ರಿಗೆಂದು ಎರಡು ರೊಟ್ಟಿ ಎತ್ತಿಟ್ಟುಕೊಳ್ಳುತ್ತಿದ್ದೆ. ಮೇಷ್ಟರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕನ್ನಡ ಅಕ್ಷರದಲ್ಲಿ ಗೀಚಿಕೊಂಡು, ಊಟದ ಹೊತ್ತಿಗೆ ಒಬ್ಬರಿಗೊಬ್ಬರು ಬಿಡಿಸಿ ಹೇಳುತ್ತಿದ್ದೆವು. ದಿನಚರಿಯಲ್ಲಿ ಪ್ರತಿದಿನ ಎರಡೇ ವಿಷಯ ತಪ್ಪದೆ ಬರೆಯುತ್ತಿದ್ದೆ: ಎಷ್ಟು ತರಗತಿ ನಡೆಯಿತು, ಡಬ್ಬಿ ಖಾಲಿ.

ಚಾಚಿಯ ಮನೆ ಚಿಕ್ಕದು. ನೆಲಕ್ಕೂ ಮಾಡಿಗೂ ಶಹಾಬಾದ ಕಲ್ಲು. ಸಂಜೆ ಆಕೆ ನೀರು ಚಿಮುಕಿಸಿದರೆ ಆ ಕಲ್ಲಿನಿಂದ ಮೊದಲ ಮಳೆಯಂಥ ವಾಸನೆ ಬರುತ್ತಿತ್ತು. ಅಡುಗೆಮನೆಯ ಗೂಡಿನಲ್ಲಿ ಬೆಳ್ಳಿಯಂತೆ ಹೊಳೆಯುವ ಕಲಾಯಿ ಪಾತ್ರೆಗಳು. ನಾನು ಓದುತ್ತಿರುವಾಗ ಮಕ್ಕಳಿಲ್ಲದ ಆ ದಂಪತಿಗಳು ಪಿಸುಮಾತಿನಲ್ಲಿ ಜಗಳವಾಡುತ್ತಿದ್ದರು, ನನಗೆ ತೊಂದರೆ ಆಗಬಾರದೆಂದು. ಚಾಚಿಗೆ ಒಂದೇ ಕೊರಗು. ಅವರಲ್ಲೂ ನಮ್ಮಲ್ಲೂ ಒಬ್ಬರ ಮನೆಯ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವ ರೂಢಿ ಇಲ್ಲ. ಸಕ್ಕರೆಯ ನಾಲ್ಕು ಹರಳಾದರೂ ಹಾಕಿ ಕೊಡಬೇಕು. "ದಿನಾ ಖಾಲಿ ಡಬ್ಬಿ ಕಳಸ್ಲಿಕತ್ತೀನಿ, ನಿಮ್ಮ ಆಯಿ ಏನಂದ್ಕೋತಾಳ ಬೇಟಿ?" ಎನ್ನುತ್ತಿದ್ದಳು. ಆದರೆ ತನ್ನ ಕೈಯ ಪದಾರ್ಥ ಆಯಿಗೆ ನಡೆಯುತ್ತದೋ ಇಲ್ಲವೋ ಎಂಬ ಅಳುಕು. ಆಯಿಯ ಷರತ್ತನ್ನು ನಾನು ಚಾಚಿಗೆ ಹೇಳಿರಲಿಲ್ಲ, ಹೇಳಿದರೆ ನೊಂದುಕೊಂಡಾಳೆಂದು.

ಮೊಹರಂ ಬಂದಿತು. ಅದರ ಮರುದಿನ ನನಗೆ ಮೊದಲ ಕಿರುಪರೀಕ್ಷೆ, ಆ ದಿನ ಬೆಳಗ್ಗೆ ಬೇಗ ಹೊರಟುಹೋಗಿದ್ದೆ. ಸಂಜೆ ಗಾಡಿಯಿಳಿದು ಮನೆಗೆ ಬಂದರೆ ಅಂಗಳದ ಕಟ್ಟೆಯ ಮೇಲೆ ಆಯಿ! ತೊಡೆಯ ಮೇಲೆ ಗಂಟು ಬಿಚ್ಚದ ಡಬ್ಬಿ. ಪಕ್ಕದಲ್ಲಿ ನನ್ನ ಟ್ರಂಕು. ಅಡುಗೆಮನೆಯ ಬಾಗಿಲಿನಲ್ಲಿ ಚಾಚಿ, ಸೆರಗು ಬಾಯಿಗೆ ಒತ್ತಿಕೊಂಡು.

"ನಡಿ ಮನಿಗಿ," ಎಂದಳು ಆಯಿ.

"ಯಾಕ ಆಯಿ? ಏನಾಯ್ತು?"

"ಏನಾಯ್ತಂತ ನನಗ ಕೇಳ್ತಿ? ಡಬ್ಬಿ ಕಲ್ಲಿನಂಗ ಭಾರ ಬಂದದ. ಶರಣಪ್ಪ ಕೈಯಾಗ ಇಟ್ಟ, ಎದಿ ಧಸಕ್ಕಂತು. ಬಿಚ್ಚಿ ನೋಡ್ಲಿಕ್ಕೂ ಮನಸಾಗಲಿಲ್ಲ. ಎಷ್ಟು ದಿನದಿಂದ ಉಂಡಿಲ್ಲ ನೀ?"

ಪೇಟೆ ನೋಡಲು ಬಂದವಳಲ್ಲ ಎಂಬಂತೆ ಆಯಿ ಎದ್ದೇ ನಿಂತಳು. ಬೆಳಗ್ಗೆ ಚೆನ್ನಾಗಿ ಬರೆದಿದ್ದ ಉತ್ತರಗಳೆಲ್ಲ ಆ ಟ್ರಂಕಿನ ಜೊತೆ ಕುರಕುಂಟಾದ ಗಾಡಿ ಹತ್ತುವುದು ಕಣ್ಣಿಗೆ ಕಟ್ಟಿತು. ಅಷ್ಟರಲ್ಲಿ ಚಾಚಿ ಮುಂದೆ ಬಂದು ಕೈ ಮುಗಿದಳು.

"ತಪ್ಪು ನಂದ್ರಿ ಅಮ್ಮಾ, ಗುಸ್ಸಾ ಆಗಬ್ಯಾಡ್ರಿ. ನಮ್ಮ ಮನಿದು ನಿಮಗ ನಡೆಂಗಿಲ್ಲಂತ ಗೊತ್ತಿದ್ದೂ ಹಾಕಿದೆ. ಹುಡುಗಿನ ಮಾತ್ರ ಒಯ್ಯಬ್ಯಾಡ್ರಿ."

ಆಗ ಅರ್ಥವಾಯಿತು. ಆಯಿ ಬಂದಾಗಿನಿಂದ ಇಬ್ಬರೂ ಎದುರುಬದುರು ಕುಳಿತಿದ್ದಾರೆ. ಆಯಿ, ಮೊಮ್ಮಗಳು ಉಪವಾಸವಿದ್ದಾಳೆಂದು ಬಂದಿದ್ದಾಳೆ; ಚಾಚಿ, ತಾನು ಹಾಕಿದ್ದನ್ನು ಮುಖದ ಮೇಲೆಯೇ ಹಿಂದಿರುಗಿಸಲು ಆಯಿ ಬಂದಿದ್ದಾಳೆಂದುಕೊಂಡಿದ್ದಾಳೆ. ಇಬ್ಬರೂ ಬಾಯಿ ಬಿಟ್ಟಿಲ್ಲ.

ನಾನೇ ಗಂಟು ಬಿಚ್ಚಿದೆ. ಡಬ್ಬಿಯೊಳಗೆ ಈ ಕಲಾಯಿ ಬಟ್ಟಲು, ಬಟ್ಟಲಿನ ತುಂಬ ಮಲೀದಾ. ಗೋದಿ ರೊಟ್ಟಿ ಪುಡಿಮಾಡಿ, ಬೆಲ್ಲ, ತುಪ್ಪ, ಪುಟಾಣಿ, ಕೊಬ್ಬರಿ ಕಲಸಿದ್ದು. ಆಯಿ ಬಗ್ಗಿ ನೋಡಿದಳು.

"ಇದು ಮಾದಲಿ ಅಲ್ಲೇನು?" ಎಂದಳು. ನಮ್ಮ ಮನೆಗಳ ಹಬ್ಬದ ಮಾದಲಿಯೂ ಹೀಗೆಯೇ.

"ನಾವು ಮಲೀದಾ ಅಂತೀವ್ರಿ," ಎಂದಳು ಚಾಚಿ, ಕೇಳಿಸದಷ್ಟು ಮೆಲ್ಲಗೆ. "ತುಪ್ಪ ನಿಮ್ಮೂರ ಶರಣಪ್ಪಂದೇ ಅದ."

ಆಯಿ ಕಟ್ಟೆಯ ಮೇಲೆ ಮತ್ತೆ ಕುಳಿತಳು. ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡಳು.

"ಏಲಕ್ಕಿ ಕಡಿಮಿ ಆಗ್ಯಾವ," ಎಂದಳು ಆಯಿ. ಮತ್ತೊಂದು ಚಿಟಿಕೆ ತೆಗೆದಳು. "ಮುಂದಿನ ಸಲ ನಾ ಬಂದಾಗ ತೋರಸ್ತೀನಿ. ಆ ಟ್ರಂಕು ಒಳಗಿಡವಾ, ನಿಂತು ನೋಡ್ತಿ ಏನು?"

ಆ ರಾತ್ರಿ ಆಯಿ ಅಲ್ಲೇ ಉಳಿದಳು. ಮರುದಿನ ನನ್ನ ಜೊತೆ ಗುಲ್ಬರ್ಗಕ್ಕೂ ಬಂದಳು. ನಮ್ಮ ತರಗತಿಯ ಹೊರಗೆ ಕಟ್ಟಡದ ನೆರಳಿನಲ್ಲಿ ಕುಳಿತು, ಹೋಗಿ ಬರುವ ಹುಡುಗಿಯರನ್ನೆಲ್ಲ "ಉಂಡ್ರೇನವಾ?" ಎಂದು ವಿಚಾರಿಸಿದಳು. ಮನೆಗೆ ಹೋಗಿ ಅಪ್ಪನಿಗೆ ಹೇಳಿದ್ದು ಒಂದೇ ಮಾತಂತೆ: "ಛಲೋ ಜಾಗ ಅದ. ಗಾಳಿ ಭಾಳ."

ಅಲ್ಲಿಂದ ಮುಂದೆ ಡಬ್ಬಿ ಖಾಲಿ ಹೋಗಲಿಲ್ಲ, ಬಟ್ಟಲೂ ಖಾಲಿ ಬರಲಿಲ್ಲ. ಸುಮಾರು ಎರಡು ವರ್ಷ ಬಟ್ಟಲು ವಾಡಿಗೂ ಕುರಕುಂಟಾಕ್ಕೂ ಓಡಾಡಿತು. ಆಯಿಯಿಂದ ಹೊಸ ತೊಗರಿಬೇಳೆ, ಎಳ್ಳುಂಡೆ. ಚಾಚಿಯಿಂದ ಖರ್ಜೂರ, ನಿಂಬೆ ಉಪ್ಪಿನಕಾಯಿ. ಶರಣಪ್ಪ, "ನನ್ನ ಹಾಲಿನ ಕ್ಯಾನಿಗಿಂತ ನಿಮ್ಮ ಡಬ್ಬಿನೇ ಭಾರ ಆಯ್ತಲ್ರಿ" ಎಂದು ಗೊಣಗುತ್ತಿದ್ದ. ನಾನು ಕೊನೆಯ ಪರೀಕ್ಷೆ ಬರೆದು ಊರಿಗೆ ಬಂದಾಗ ಬಟ್ಟಲು ನಮ್ಮ ಕಡೆ ಇತ್ತು. ಅದೇ ತಿಂಗಳು ರಹೀಮ್‌ಸಾಬರಿಗೆ ತೆಲುಗು ಸೀಮೆಗೆ ವರ್ಗವಾಯಿತು. ನಾವು ವಾಡಿಗೆ ಹೋಗುವಷ್ಟರಲ್ಲಿ ಆ ಮನೆಯಲ್ಲಿ ಬೇರೆಯವರಿದ್ದರು. ಅಂಗಳದ ಕಲ್ಲಿನ ಮೇಲೆ ಯಾರೂ ನೀರು ಚಿಮುಕಿಸಿರಲಿಲ್ಲ. ಅಪ್ಪ ಉರ್ದುವಿನಲ್ಲಿ ಬರೆದ ಕಾಗದಗಳಿಗೆ ಉತ್ತರ ಬರಲಿಲ್ಲ. ಹೋದ ಚಳಿಗಾಲ ಆಯಿ ತೀರಿಕೊಂಡಳು. ಹಾಸಿಗೆ ಹಿಡಿದಾಗಲೂ ಬಟ್ಟಲಿನ ಮಾತೆತ್ತುತ್ತಿದ್ದಳು: "ಕೊಡೂದಾದರ ಖಾಲಿ ಕೊಡಬ್ಯಾಡವಾ."

ಕಲಾಯಿಯವನು ಕೂಗುತ್ತಿದ್ದಾನೆ. ಬಟ್ಟಲು ಹೊಳೆಯುತ್ತಿದೆ, ಇನ್ನೂ ಬೆಚ್ಚಗಿದೆ. ವಾಡಿಯ ರೈಲ್ವೆ ಮನೆಗಳಲ್ಲಿದ್ದ ರಹೀಮ್‌ಸಾಬರು, ಖೈರೂನ್ ಚಾಚಿ ಈಗ ಯಾವ ಊರಿನಲ್ಲಿದ್ದಾರೆಂದು ಓದುಗರಲ್ಲಿ ಯಾರಿಗಾದರೂ ತಿಳಿದಿದ್ದರೆ ದಯವಿಟ್ಟು ನನಗೊಂದು ಸಾಲು ಬರೆಯಿರಿ. ಮಾದಲಿ ಮಾಡಲು ಕಲಿತಿದ್ದೇನೆ. ಈ ಸಲ ಏಲಕ್ಕಿ ಸರಿಯಾಗಿ ಬಿದ್ದಿರುತ್ತದೆ.