ಕಾಠ ಅಂದರೆ ದಡಿ

ನಾನು ಗಲಗಲಿಯಿಂದ ಬನಹಟ್ಟಿಗೆ ಸೊಸೆಯಾಗಿ ಬಂದು ಕೆಲವು ವರ್ಷಗಳಾದ ಮೇಲೆ ಮನೆಯ ಸೀರೆ ವ್ಯಾಪಾರದ ಮೆಸೇಜುಗಳು ನನ್ನ ಪಾಲಿಗೆ ಬಂದವು. ಮಗ್ಗಗಳನ್ನು ಯಜಮಾನರು ನೋಡಿಕೊಳ್ಳುತ್ತಿದ್ದರು. ಗಿರಾಕಿಗಳ ಜೊತೆ ಮಾತು ಅತ್ತೆಯದು. ಅತ್ತೆಯ ತವರು ಸಾಂಗ್ಲಿ ಕಡೆ, ಹಾಗಾಗಿ ಮರಾಠಿ ನೀರು ಕುಡಿದಷ್ಟು ಸಲೀಸು. ಆದರೆ ಅವರು ಸಾಲಿಯ ಮೆಟ್ಟಿಲು ಹತ್ತಿದವರಲ್ಲ. ನನಗೆ ಮರಾಠಿ ಬರುತ್ತಿರಲಿಲ್ಲ.

ಸಾಂಗ್ಲಿ ಕಡೆಯ ಹೆಂಗಸೊಬ್ಬರು ನಮ್ಮಿಂದ ಸೀರೆ ತರಿಸಿಕೊಂಡು ಮನೆಯಲ್ಲೇ ಮಾರುತ್ತಿದ್ದರು. ಅತ್ತೆ ಅವರನ್ನು ಮರಾಠಿಯವರ ರೂಢಿಯಂತೆ ಬಾಯಿ ಎಂದೇ ಕರೆಯುತ್ತಿದ್ದರು, ನಾವೂ ಹಾಗೇ. ಹೊಸ ಮೊಬೈಲು ಬಂದ ಮೇಲೆ ಬಾಯಿ ಫೋನು ಮಾಡುವುದನ್ನು ಬಿಟ್ಟು ಬರೆದು ಕಳಿಸತೊಡಗಿದರು. ಯಜಮಾನರು ಅಂಗಡಿಯವರಿಗೆಂದೇ ಇದ್ದ ಒಂದು ಆ್ಯಪ್ ಹಾಕಿಕೊಟ್ಟರು. ಬಂದ ಮೆಸೇಜನ್ನು ಅದು ತಾನೇ ಕನ್ನಡ ಮಾಡಿ ತೋರಿಸುತ್ತಿತ್ತು, ನಾನು ಬರೆದದ್ದನ್ನು ಮರಾಠಿ ಮಾಡಿ ಕಳಿಸುತ್ತಿತ್ತು.

ಮೊದಲ ಆರ್ಡರೇ ನನಗೆ ಅರ್ಥವಾಗಲಿಲ್ಲ. ‘ಕೆಂಪು ದಂಡೆಯ ಸೀರೆ ಕಳುಹಿಸಿ’ ಎಂದಿತ್ತು. ಸೀರೆಗೆಲ್ಲಿಯ ದಂಡೆ? ಅತ್ತೆಯನ್ನು ಕೇಳಿದೆ.

“ಅವರು ಕಾಠ ಅಂದಿರ್ತಾರ ತಗಿ. ಕಾಠ ಅಂದ್ರ ನಮ್ಮ ದಡಿ, ಸೀರಿ ಅಂಚು.”

ಆ್ಯಪಿನಲ್ಲಿ ನಮ್ಮದೇ ಪದಪಟ್ಟಿ ಸೇರಿಸುವ ಜಾಗವಿತ್ತು. ಇಂಥ ಶಬ್ದ ಬಂದರೆ ಇದನ್ನೇ ಹಾಕು ಎಂದು ನಿಯಮ ಮಾಡಿಡಬಹುದು. ಕಾಠ ಬಂದರೆ ದಡಿ, ಪದರ ಬಂದರೆ ಸೆರಗು ಎಂದು ತುಂಬಿಸಿದೆ. ಆಮೇಲೆ ಆರ್ಡರುಗಳು ನೆಟ್ಟಗೆ ಬಂದವು. ನನಗೂ ಧೈರ್ಯ ಬಂತು.

ಅದೊಂದು ಮಳೆಗಾಲ. ನಮ್ಮಲ್ಲಿ ಬಿಸಿಲೇ ಇತ್ತು. ಬಾಯಿಗೆ ಒಂದು ಗಂಟು ಸೀರೆ ಕಳಿಸಿ ವಾರವಾಗಿತ್ತು, ಇನ್ನೊಂದು ಗಂಟು ಕಟ್ಟಿಡಲಾಗಿತ್ತು. ಬೆಳಿಗ್ಗೆ ಮೆಸೇಜು ಬಂತು: ‘ದಡಿಯ ಮೇಲೆ ನೀರು ಬಂದಿದೆ. ದಡಿ ಬಿಟ್ಟಿದೆ. ಈಗ ಮಾಲು ಕಳುಹಿಸಬೇಡಿ.’

ಓದಿ ಹೇಳಿದೆ. ಯಜಮಾನರ ಮುಖ ಕೆಂಪಾಯಿತು. “ದಡಿ ಬಣ್ಣ ಬಿಟ್ಟೈತಂತೇನು? ನೀರಿಗೆ ಬಣ್ಣ ಬಿಡೂ ಮಾಲು ನಾವ್ ಯಾವಾಗ ಕೊಟ್ಟೀವಿ?”

“ಹಂಗ ಬರದಾರ ನೋಡ್ರಿ. ನನಗೂ ತಿಳೀವಲ್ದು.”

ಅತ್ತೆ ಫೋನು ಮಾಡಿಸಿದರು, ಹತ್ತಲಿಲ್ಲ. ಯಜಮಾನರು ಕಟ್ಟಿದ್ದ ಗಂಟು ಬಿಚ್ಚಿ ಒಂದು ಸೀರೆ ತೆಗೆದು ಬಕೆಟಿನಲ್ಲಿ ಅದ್ದಿದರು. ಮೂವರೂ ಬಕೆಟಿನ ಸುತ್ತ ಕುಳಿತೆವು. ನೀರು ತಿಳಿಯಾಗಿಯೇ ಇತ್ತು. ಹಿಂಡಿದೆವು, ತಿಕ್ಕಿದೆವು, ಬಿಳಿ ಬಟ್ಟೆಗೆ ಒರೆಸಿ ನೋಡಿದೆವು. ಬಣ್ಣ ಹತ್ತಲಿಲ್ಲ. ಹಾಗಾದರೆ ಬಾಯಿ ಸುಳ್ಳು ಹೇಳುತ್ತಿದ್ದಾರೆಯೇ? ಇಷ್ಟು ವರ್ಷದವರು ಏಕೆ ಹೇಳಬೇಕು? ‘ನಮ್ಮ ದಡಿ ಬಿಡುವುದಿಲ್ಲ, ಫೋಟೋ ಕಳಿಸಿ’ ಎಂದು ಬರೆದೆ. ಮಧ್ಯಾಹ್ನ ಉತ್ತರ ಬಂತು: ‘ಎಲ್ಲರೂ ಬಿಟ್ಟಿದ್ದಾರೆ. ತಂಗಿಯ ಮನೆಯಲ್ಲಿದ್ದೇನೆ. ದಡಿ ಕಾಣುತ್ತಿಲ್ಲ.’

ದಡಿ ಬಿಡುವುದು ಬೇರೆ, ಕಾಣದಿರುವುದು ಬೇರೆ. ಎಲ್ಲರೂ ಬಿಟ್ಟರು ಎಂದರೆ ಗಿರಾಕಿಗಳೇ ನಮ್ಮ ಸೀರೆ ಕೈಬಿಟ್ಟರೇ?

“ಅವರು ಬರದದ್ದ ಹೆಂಗ ಐತಿ, ಹಂಗ ಓದಿ ಹೇಳ ಬೇ,” ಅಂದರು ಅತ್ತೆ. “ಕನ್ನಡ ಬ್ಯಾಡ.”

ಮೂಲ ಮೆಸೇಜು ತೆರೆದೆ. ಸಾಲಿಯಲ್ಲಿ ಹಿಂದಿ ಕಲಿತಿದ್ದರಿಂದ ಅಕ್ಷರ ಗೊತ್ತಿದ್ದವು. ಅರ್ಥ ತಿಳಿಯದೆ, ಮಂತ್ರ ಓದಿದಂತೆ ಓದಿದೆ: “ಕಾಠಾವರ ಪಾಣಿ ಆಲೆ. ಕಾಠ ಸೋಡಲಾ…”

ಅತ್ತೆ ಎದೆಯ ಮೇಲೆ ಕೈ ಇಟ್ಟುಕೊಂಡರು. “ಅಯ್ಯ ಶಿವನ! ಅದು ಸೀರಿ ಅಲ್ಲ ಬೇ, ಹೊಳಿ! ಹೊಳಿ ದಂಡಿಗೂ ಕಾಠ ಅಂತಾರ. ನೀರ ಬಂದಾವ, ದಂಡಿ ಬಿಟ್ಟ ಹೋಗ್ಯಾರ.”

“ಸೀರೀದೂ ಕಾಠ, ಹೊಳೀದೂ ಕಾಠ ಏನ್ರಿ?”

“ಹೂಂ. ಎರಡೂ ಅದ.”

ನಾನು ಅದೇ ಹೊಳೆಯ ದಂಡೆಯಲ್ಲೇ ಬೆಳೆದವಳು. ಮೇಲಿನ ನೀರು ನಾಳೆಯೋ ನಾಡಿದ್ದೋ ಗಲಗಲಿಗೂ ಬರುವುದೇ. ತವರಿಗೆ ಫೋನು ಮಾಡಿದೆ. “ಡಂಗುರ ಸಾರ್‍ಯಾರ, ದನಾ ಮ್ಯಾಲಿನ ಹೊಲಕ್ಕ ಹೊಡದೀವಿ,” ಅಂದ ಅಣ್ಣ. ಯಜಮಾನರು ಒದ್ದೆ ಸೀರೆಯನ್ನು ಹಗ್ಗದ ಮೇಲೆ ಹರವಿದರು.

ಬಾಯಿಗೆ ಅತ್ತೆ ಹೇಳಿದಂತೆ ಬರೆದೆ: ಮಾಲಿನ ಮಾತು ಬಿಡಿ, ನೀವು ಹುಷಾರು. ಆಮೇಲೆ ನಿಯಮ ತಿದ್ದಲು ಕುಳಿತೆ. ದಡಿ ಇಟ್ಟರೆ ಹೊಳೆ ಹೋಗುತ್ತದೆ, ದಂಡೆ ಇಟ್ಟರೆ ಸೀರೆ ಹೋಗುತ್ತದೆ. ಕೊನೆಗೆ ಒಂಟಿ ಶಬ್ದವನ್ನು ಅಳಿಸಿ ‘ಲಾಲ ಕಾಠ’ ಬಂದರೆ ಕೆಂಪು ದಡಿ, ‘ಹಿರವಾ ಕಾಠ’ ಬಂದರೆ ಹಸಿರು ದಡಿ ಎಂದು ಬಣ್ಣಬಣ್ಣಕ್ಕೂ ಬೇರೆ ಬೇರೆ ನಿಯಮ ಹಾಕಿದೆ. ಬಣ್ಣ ಹೇಳದೆ ಬರೆದರೆ ಏನು ಗತಿ ಎಂಬುದು ಹೊಳೆಯಲಿಲ್ಲ.

ನೀರಿಳಿದ ಮೇಲೆ ಬಾಯಿ ತಾವೇ ಬಸ್ಸು ಹತ್ತಿ ಬಂದರು. ಅವರ ಮನೆಯ ಗೋಡೆಯೊಂದು ಕುಸಿದಿತ್ತು, ಸೀರೆಗಳನ್ನು ಮಾತ್ರ ಅಟ್ಟಕ್ಕೇರಿಸಿ ಉಳಿಸಿಕೊಂಡಿದ್ದರಂತೆ. ಅತ್ತೆ ಮತ್ತು ಅವರು ಊಟವಾದ ಮೇಲೂ ಎದ್ದೇಳದೆ ಮರಾಠಿಯಲ್ಲಿ ಮಾತಾಡಿದರು. ನಡುವೆ ಇಬ್ಬರೂ ನನ್ನ ಕಡೆ ತಿರುಗಿ ಏನೋ ಅಂದು ನಕ್ಕರು. ನನಗೇನೂ ತಿಳಿಯಲಿಲ್ಲ. ನಾನೂ ನಕ್ಕು ಚಹಾ ಇಡಲು ಎದ್ದೆ.